ಜಿಂಕೆ, ಡಾಂಬರು ಮತ್ತು ಎರಡು ಸೆಂಟಿಮೀಟರ್ ಥರ್ಮಾಕೋಲ್

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್. ಏಲೂರು, ತಾಡೇಪಲ್ಲಿಗೂಡೆಂ, ಗೋದಾವರಿಯ ಸೇತುವೆ, ಅನ್ನವರಂ, ತುನಿ, ಅನಕಾಪಲ್ಲಿ. ಬೆಳಿಗ್ಗೆ ಕೃಷ್ಣೆಯ ದಡ ಬಿಟ್ಟ ಬೈಕು ಊಟ, ಚಹಾ, ನಡುನಡುವೆ ಸೊಂಟ ನೆಟ್ಟಗೆ ಮಾಡಿಕೊಳ್ಳುವ ವಿರಾಮ ಎಲ್ಲ ಸೇರಿ ಸಂಜೆಗೆ ಸಮುದ್ರದ ಊರು ಮುಟ್ಟುತ್ತದೆ. ನಮ್ಮ ಸವಾರನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಭೀಮಿಲಿಯಲ್ಲಿ ಸ್ನೇಹಿತ ಕಾಯುತ್ತಿದ್ದಾನೆ. ಹನುಮಂತವಾಕ ದಾಟಿ ಮಧುರವಾಡದ ಕಡೆಗೆ ಹೊರಟ. ಬೆಳಗ್ಗಿನಿಂದ ಲಾರಿಗಳನ್ನೇ ನೋಡಿ ದಣಿದ ಕಣ್ಣು, ಗಂಟೆಗೆ 80 ಕಿಲೋಮೀಟರ್ ವೇಗ, ಕತ್ತಲಿಗೂ ಬೆಳಕಿಗೂ ನಡುವಿನ ಹೊತ್ತು.

ಎಡಗಡೆ ಕಂಬಾಲಕೊಂಡ. ಸುಮಾರು 70 ಚದರ ಕಿಲೋಮೀಟರಿನ ಈ ಒಣ ಕಾಡು 2002ರಲ್ಲಿ ವನ್ಯಧಾಮವಾಯಿತು. ಪೂರ್ವಘಟ್ಟದ ಒಂದು ತುಂಡು ನಗರದೊಳಗೇ ಉಳಿದುಕೊಂಡಂತಿದೆ. ಅದರೊಳಗೆ ಚಿರತೆ, ಕಾಡುಹಂದಿ, ಕಡವೆ, ಕಾಡುಕುರಿ ಮತ್ತು ತೆಲುಗಿನವರು ದುಪ್ಪಿ ಎನ್ನುವ ನಮ್ಮ ಚುಕ್ಕೆ ಜಿಂಕೆಗಳಿವೆ. ಬಲಗಡೆ ಮೃಗಾಲಯ. ನಡುವೆ ಕೋಲ್ಕತ್ತಾದಿಂದ ಚೆನ್ನೈಗೆ ಹೋಗುವ ದಾರಿ. ಬೇಲಿಯೊಳಗಿನ ಪ್ರಾಣಿಗಳಿಗೂ ಬೇಲಿಯಿಲ್ಲದ ಪ್ರಾಣಿಗಳಿಗೂ ನಡುವೆ ಹೆದ್ದಾರಿ ಹರಿಯುವ ಊರು ನನಗೆ ತಿಳಿದಂತೆ ಇನ್ನೊಂದಿಲ್ಲ.

ಈ ಅಧ್ಯಾಯದ ಸವಾರ ಕಲ್ಪಿತ. ಜಾಗ, ಪ್ರಾಣಿ ಮತ್ತು ಲೆಕ್ಕ ಕಲ್ಪಿತವಲ್ಲ.

ಜಿಂಕೆ ರಸ್ತೆಗೆ ಹಾಯುವುದು ಪೆದ್ದುತನದಿಂದಲ್ಲ. ಅದರ ಬುದ್ಧಿ ಹುಲಿಗೆ, ಸೀಳುನಾಯಿಗೆ ಹೊಂದಿಕೊಂಡು ಬೆಳೆದದ್ದು. ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನ ಬಹುಪಾಲು ದಿಕ್ಕು ಒಟ್ಟಿಗೇ ಕಾಣುತ್ತದೆ, ಆದರೆ ನೇರ ಬರುತ್ತಿರುವ ವಸ್ತುವಿನ ದೂರ ಅಳೆಯುವುದರಲ್ಲಿ ಅದು ನಮ್ಮಷ್ಟು ಚುರುಕಲ್ಲ. ಅಕ್ಷಿಪಟದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಮ್ಮೆ ಒಳಬಂದ ಬೆಳಕು ಅದಕ್ಕೆ ಬಡಿದು ಮತ್ತೆ ಹಿಂದಿರುಗುವಾಗ ಕಣ್ಣಿಗೆ ಇನ್ನೊಮ್ಮೆ ಸಿಗುತ್ತದೆ. ರಾತ್ರಿ ಟಾರ್ಚ್ ಬಿಟ್ಟಾಗ ಹಸಿರು ದೀಪದ ಹಾಗೆ ಹೊಳೆಯುವುದು ಇದೇ ಪದರ. ಮುಸ್ಸಂಜೆಯಲ್ಲಿ ಪಾಪೆ ಅಗಲವಾಗಿ ತೆರೆದಿರುವಾಗ ಇಂಥ ಕಣ್ಣಿಗೆ ಹೆಡ್‌ಲೈಟ್ ಬಿದ್ದರೆ ಏನಾಗುತ್ತದೆ? ಲೋಕ ಬೆಳ್ಳಗಾಗುತ್ತದೆ. ಏನೂ ಕಾಣದಾದಾಗ ಅಲ್ಲಾಡದೆ ನಿಲ್ಲುವುದು ಕಾಡಿನಲ್ಲಿ ಜೀವ ಉಳಿಸುವ ಉಪಾಯ. ಹೆದ್ದಾರಿಯಲ್ಲಿ ಅದೇ ಉಪಾಯ ತಿರುಗಿ ಬೀಳುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಚುಕ್ಕೆ ಜಿಂಕೆ ಒಂಟಿಯಾಗಿ ಓಡಾಡುವುದು ಕಡಿಮೆ. ಒಂದು ದಾಟಿತು, ಸದ್ಯ ಬಚಾವಾದೆ ಎಂದು ಆಕ್ಸಿಲರೇಟರ್ ತಿರುವಿದವನಿಗೆ ಡಿಕ್ಕಿಯಾಗುವುದು ಎರಡನೆಯದೋ ಮೂರನೆಯದೋ. ಬೈಕಿನ ಮುಂದೆ ಅಂಟಿಸಿಕೊಂಡರೆ ಗಾಳಿಗೆ ಸಿಳ್ಳೆ ಹೊಡೆದು ಜಿಂಕೆಯನ್ನು ಓಡಿಸುತ್ತದೆಂದು ಮಾರುವ ಪುಟ್ಟ ಪೀಪಿಗಳಿವೆ. ಅಮೆರಿಕದಲ್ಲಿ ಇವನ್ನು ಪರೀಕ್ಷಿಸಿದವರಿಗೆ ಜಿಂಕೆಗಳ ನಡವಳಿಕೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹೊಳೆಯುವ ಕಿತ್ತಳೆ ಬಣ್ಣದ ಜಾಕೆಟ್ ಕೂಡ ಜಿಂಕೆಗಾಗಿ ಅಲ್ಲ. ಅದರ ಕಣ್ಣಿಗೆ ನೀಲಿ, ಹಸಿರು ಗೊತ್ತು. ಕಿತ್ತಳೆ, ಕೆಂಪು ಬೇರೆಯಾಗಿ ಗೊತ್ತಿಲ್ಲ. ಹುಲಿಯ ಮೈಬಣ್ಣ ಹುಲ್ಲಿನಲ್ಲಿ ಕರಗುವ ಗುಟ್ಟೂ ಇದೇ. ಆ ಜಾಕೆಟ್ ಹಿಂದಿನಿಂದ ಬರುವ ಲಾರಿಯವನಿಗಾಗಿ, ಹಾಗಾಗಿ ಖಂಡಿತ ಹಾಕಿಕೊಳ್ಳಿ.

ಅಮೆರಿಕದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೆ ಹೋಗಿ ತನಿಖೆ ಮಾಡಿದ ತಂಡದ ಮುಖ್ಯಸ್ಥ. ಬೈಕ್ ಸುರಕ್ಷತೆಯ ಕುರಿತು ಇಂದಿಗೂ ಎಲ್ಲರೂ ಮರಳಿ ನೋಡುವ ವರದಿ ಅವರದು, 1981ರಲ್ಲಿ ಹೊರಬಂತು. ಅಪಾಯ ಎದುರಾದಾಗಿನಿಂದ ಡಿಕ್ಕಿಯವರೆಗೆ ಸವಾರನಿಗೆ ಸಿಗುವ ಹೊತ್ತು ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ ಎಂದು ಅದು ಹೇಳಿತು. ಪ್ರಾಣಿಗಳ ಪಾಲು ಅಲ್ಲಿ ನೂರಕ್ಕೆ ಒಂದರಷ್ಟು ಮಾತ್ರ. ಆದರೆ ಆ ಒಂದು ಡಿಕ್ಕಿಯಲ್ಲಿ ಏನೇನಾಗುತ್ತದೆಂದು ಬಿಡಿಸಿ ನೋಡಿದರೆ ಉಳಿದ ತೊಂಬತ್ತೊಂಬತ್ತೂ ಅರ್ಥವಾಗುತ್ತವೆ. ಅದಕ್ಕೇ ಇಲ್ಲಿ ಜಿಂಕೆ.

ಈಗ ಲೆಕ್ಕ. ಬೈಕು 190 ಕಿಲೋ, ಸವಾರ 70 ಕಿಲೋ, ಒಟ್ಟು 260. ವೇಗ ಗಂಟೆಗೆ 80 ಕಿ.ಮೀ., ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಅಡ್ಡ ನಿಂತ 60 ಕಿಲೋದ ಜಿಂಕೆ. ಎರಡೂ ಅಂಟಿಕೊಂಡು ಮುಂದೆ ಹೋದವು ಎಂದುಕೊಳ್ಳೋಣ. ಸಂವೇಗ ಉಳಿಯಬೇಕು ಎಂಬ ಹೈಸ್ಕೂಲಿನ ನಿಯಮ ಹಾಕಿದರೆ ಹೊಸ ವೇಗ ಸೆಕೆಂಡಿಗೆ 18 ಮೀಟರ್, ಗಂಟೆಗೆ 65 ಕಿ.ಮೀ. ಬೈಕು ಕಳೆದುಕೊಂಡದ್ದು ಬರೀ 15 ಕಿ.ಮೀ. ವೇಗ.

ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಎಲ್ಲೋ ತಪ್ಪಿದೆ ಎಂದುಕೊಂಡೆ. ಜಿಂಕೆಗೆ ಗುದ್ದುವುದೆಂದರೆ ಗೋಡೆಗೆ ಗುದ್ದಿದಂತೆ ಎಂಬ ಕಲ್ಪನೆ ತಲೆಯಲ್ಲಿತ್ತು. ಲೆಕ್ಕ ಬೇರೆಯೇ ಹೇಳುತ್ತದೆ. ಜಿಂಕೆ ನಮ್ಮನ್ನು ನಿಲ್ಲಿಸುವುದಿಲ್ಲ, ಬೀಳಿಸುತ್ತದೆ. ಮುಂಚಕ್ರ ಪಕ್ಕಕ್ಕೆ ತಿರುಗಿ ಹ್ಯಾಂಡಲ್ ಕೈತಪ್ಪುತ್ತದೆ. ಆಮೇಲಿನ ಕೆಲಸವೆಲ್ಲ ರಸ್ತೆಯದು.

200 ಕಿಲೋದ ಗಂಡು ಕಡವೆಯಾದರೆ ಕಥೆ ಬೇರೆ. ಅಲ್ಲಿ ವೇಗ 80ರಿಂದ 45ಕ್ಕೆ ಇಳಿಯುತ್ತದೆ, ಅದೂ ಕ್ಷಣಾರ್ಧದಲ್ಲಿ. ಬೈಕು ತಡೆದರೂ ಸವಾರನ ದೇಹ ಹಳೆಯ ವೇಗದಲ್ಲೇ ಮುಂದಕ್ಕೆ ಹೋಗಿ ಟ್ಯಾಂಕಿಗೆ, ಹ್ಯಾಂಡಲಿಗೆ, ಪ್ರಾಣಿಯ ಮೈಗೇ ಅಪ್ಪಳಿಸುತ್ತದೆ. ಕಡವೆಯ ಭುಜ ಹ್ಯಾಂಡಲಿಗಿಂತ ಎತ್ತರಕ್ಕೂ ಇರುತ್ತದೆ. ಅದರ ಎದುರು ಯಾವ ಜಾಕೆಟ್ ಬಗ್ಗೆಯೂ ನಾನು ಭರವಸೆ ಕೊಡಲಾರೆ.

ಜಿಂಕೆಗೆ ಮರಳೋಣ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂಬತ್ತು ರಾಜ್ಯಗಳಲ್ಲಿ ಪ್ರಾಣಿ ಡಿಕ್ಕಿಯಿಂದ ಸಾವು ಸಂಭವಿಸಿದ 147 ಅಪಘಾತಗಳ ಪೊಲೀಸ್ ದಾಖಲೆಗಳನ್ನು ತೆಗೆದು ಓದಿತು. ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಡಿಕ್ಕಿಗಳಲ್ಲಿ ಪ್ರಾಣಿ ಜಿಂಕೆಯೇ. ಸತ್ತ ಬೈಕ್ ಸವಾರರಲ್ಲಿ ಶೇ 65ರಷ್ಟು ಮಂದಿಯ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಬಹುಪಾಲು ಕಡೆ ಕೊಂದದ್ದು ಪ್ರಾಣಿಯ ಏಟಲ್ಲ, ಅದರ ನಂತರದ ಬೀಳುವಿಕೆ. ನಮ್ಮ ಪುಟ್ಟ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬೀಳುವುದರಲ್ಲಿ ಎರಡು ಚಲನೆಗಳಿವೆ, ಅವನ್ನು ಬೇರೆ ಮಾಡಿ ನೋಡಬೇಕು. ಒಂದು ಕೆಳಕ್ಕೆ, ಇನ್ನೊಂದು ಮುಂದಕ್ಕೆ. ಕೂತ ಸವಾರನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ 20 ಕಿ.ಮೀ. ಅಷ್ಟೇ. ಬೈಕು 40ರಲ್ಲಿ ಹೋಗುತ್ತಿರಲಿ, 80ರಲ್ಲಿ ಹೋಗುತ್ತಿರಲಿ, ಈ ಕೆಳಮುಖ ವೇಗ ಬದಲಾಗುವುದಿಲ್ಲ. "ಮನೆ ಹತ್ತಿರದ ಅಂಗಡಿಗೆ ತಾನೇ, ನಿಧಾನ ಹೋಗ್ತೀನಿ" ಎನ್ನುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ನಿಂತ ಬೈಕಿನಿಂದ ಬಿದ್ದರೂ ತಲೆ ಡಾಂಬರಿಗೆ ಬಡಿಯುವ ವೇಗ ಅದೇ.

ಆ ಏಟು ಎಷ್ಟು ಜೋರು ಎಂದು ತಿಳಿಯಲು ಒಂದೇ ಒಂದು ಭಾಗಾಕಾರ ಸಾಕು. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಬಂದ ಉತ್ತರ ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂಬುದು. ಎಂಜಿನಿಯರುಗಳು ಅದನ್ನು 'ಜಿ' ಎನ್ನುತ್ತಾರೆ. ಬರಿತಲೆ ಡಾಂಬರಿಗೆ ಬಡಿದಾಗ ಚರ್ಮ, ಕೂದಲು ಎಲ್ಲ ಸೇರಿ 3 ಮಿಲಿಮೀಟರ್ ತಗ್ಗಿತು ಎನ್ನೋಣ. ಒಂದೂವರೆ ಮೀಟರ್ ಭಾಗಿಸು 3 ಮಿಲಿಮೀಟರ್: 500 ಜಿ. ಹೆಲ್ಮೆಟ್ ಒಳಗಿನ ಥರ್ಮಾಕೋಲ್ 2 ಸೆಂಟಿಮೀಟರ್ ಕುಸಿದರೆ? 75 ಜಿ. ಯುರೋಪಿನ ಹೆಲ್ಮೆಟ್ ಪರೀಕ್ಷೆಯಲ್ಲಿ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಕಬ್ಬಿಣದ ಅಡಿಗಲ್ಲಿಗೆ ಬಡಿದಾಗ ಒಳಗಿನ ತಲೆಗೆ 275 ಜಿ ದಾಟಬಾರದು ಎಂಬುದು ದಶಕಗಳ ಕಾಲ ಇದ್ದ ಮಿತಿ. ನಮ್ಮ ಸವಾರನ ತಲೆ ನೆಲ ಮುಟ್ಟಿದ್ದು ಸೆಕೆಂಡಿಗೆ 5.4 ಮೀಟರಿನಲ್ಲಿ, ಅಂದರೆ ಹೆಲ್ಮೆಟ್ಟಿನ ಕೈಗೆಟುಕುವ ಏಟು.

ಜನ ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿ, ಗಟ್ಟಿಯಾಗಿದೆ ಎಂದು ಕೊಳ್ಳುತ್ತಾರೆ. ಹೊರಗಿನ ಗಟ್ಟಿ ಚಿಪ್ಪಿನ ಕೆಲಸ ಏಟನ್ನು ಅಗಲಕ್ಕೆ ಹಂಚುವುದು, ಚೂಪು ಕಲ್ಲು ಒಳಹೋಗದಂತೆ ತಡೆಯುವುದು. ಜೀವ ಉಳಿಸುವುದು ಒಳಗಿನ ಮೆತ್ತನೆಯದು. ಟಿವಿ ಪೆಟ್ಟಿಗೆಯಲ್ಲಿ, ಗಣೇಶನ ಹಬ್ಬದ ಮಂಟಪದಲ್ಲಿ ನೋಡುವ ಅದೇ ಥರ್ಮಾಕೋಲಿನ ದಟ್ಟ ರೂಪ. ಅದರ ಬಹುಪಾಲು ಗಾಳಿ. ಸಾವಿರಾರು ಪುಟ್ಟ ಗುಳ್ಳೆಗಳು ಕುಸಿಯುತ್ತಾ ತಲೆಯ ವೇಗವನ್ನು ತಾವು ತಿನ್ನುತ್ತವೆ. ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ. ಹಾಗೆ ಉಬ್ಬುವ ಸ್ಪಂಜಾಗಿದ್ದರೆ ಕೆಟ್ಟದ್ದೇ ಆಗುತ್ತಿತ್ತು, ನುಂಗಿದ ವೇಗವನ್ನು ತಲೆಗೆ ವಾಪಸು ಕೊಡುತ್ತಿತ್ತು.

ಈ ಸರಳ ವಿಚಾರಕ್ಕೆ ಬರಲು ಜಗತ್ತಿಗೆ ಒಬ್ಬ ಪ್ರಸಿದ್ಧನ ಸಾವು ಬೇಕಾಯಿತು. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದ ಟಿ.ಇ. ಲಾರೆನ್ಸ್, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಬ್ರಫ್ ಸುಪೀರಿಯರ್ ಬೈಕಿನಿಂದ ಎಸೆಯಲ್ಪಟ್ಟ. ಬರಿತಲೆ. ಆರು ದಿನ ಪ್ರಜ್ಞೆ ಬರಲಿಲ್ಲ, ಮೇ 19ರಂದು ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಮೆದುಳು ಶಸ್ತ್ರಚಿಕಿತ್ಸಕ ಒಬ್ಬ. ಆ ಸಾವು ಕೇರ್ನ್ಸ್‌ನನ್ನು ಬಿಡಲಿಲ್ಲ. ಯುದ್ಧ ಶುರುವಾಗಿ, ದೀಪವಿಲ್ಲದ ರಸ್ತೆಗಳಲ್ಲಿ ಸೇನೆಯ ಸಂದೇಶ ಒಯ್ಯುವ ಬೈಕ್ ಸವಾರರು ಸಾಲು ಸಾಲಾಗಿ ಸಾಯತೊಡಗಿದಾಗ ಅವನು ಲೆಕ್ಕ ಇಟ್ಟ. 1941ರ ಅವನ ಪ್ರಬಂಧದಲ್ಲಿ ಹೆಲ್ಮೆಟ್ ಧರಿಸಿ ಬಿದ್ದವರು ಏಳೇ ಏಳು ಜನ. ಏಳೂ ಮಂದಿ ಬದುಕಿದ್ದರು. ಆ ವರ್ಷವೇ ಬ್ರಿಟಿಷ್ ಸೇನೆ ಕರ್ತವ್ಯದ ಮೇಲಿರುವ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಏಟಿಗೆ ಕುಸಿಯುವ ಒಳಪದರದ ಹೆಲ್ಮೆಟ್ಟಿಗೆ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಲೊಂಬಾರ್ಡ್ ಮತ್ತು ಹರ್ಮನ್ ರಾತ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ.

ಕೇರ್ನ್ಸ್‌ನ ಏಳು ಜನರಿಂದ ಯಾವ ಸಂಖ್ಯಾಶಾಸ್ತ್ರಜ್ಞನಿಗೂ ತೃಪ್ತಿಯಾಗದು. 2008ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಜಗತ್ತಿನ 61 ಅಧ್ಯಯನಗಳನ್ನು ಒಟ್ಟಿಗೆ ತೂಗಿದರು. ಹೆಲ್ಮೆಟ್ ಸಾವಿನ ಸಂಭವವನ್ನು ಶೇ 42ರಷ್ಟು, ತಲೆಗಾಯದ ಸಂಭವವನ್ನು ಶೇ 69ರಷ್ಟು ತಗ್ಗಿಸುತ್ತದೆ ಎಂಬುದು ಅವರ ಉತ್ತರ. ನಮ್ಮಲ್ಲಿ? ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಂತೆ ಆ ವರ್ಷ ಭಾರತದ ರಸ್ತೆಗಳಲ್ಲಿ ಸತ್ತ ದ್ವಿಚಕ್ರ ಸವಾರರು 74,897. ಹೆಲ್ಮೆಟ್ ಧರಿಸದೆ ಸತ್ತವರು 50,029, ಅವರಲ್ಲಿ 14,337 ಮಂದಿ ಹಿಂದೆ ಕೂತವರು.

ಹಿಂದೆ ಕೂತವರು ಎಂದಾಗ ಕನ್ನಡಿಗರಿಗೆ ನೆನಪಾಗುವ ಹೆಸರೊಂದಿದೆ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದರು. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳು ಚೇತರಿಸಿಕೊಳ್ಳಲಿಲ್ಲ. ಅವರ ಅಂಗಾಂಗಗಳು ಬೇರೆಯವರಿಗೆ ಜೀವ ಕೊಟ್ಟವು. ಮೂರು ತಿಂಗಳ ನಂತರ ಸೆಪ್ಟೆಂಬರ್ 10ರಂದು ಹೈದರಾಬಾದಿನ ಕೇಬಲ್ ಸೇತುವೆಯ ಬಳಿ ತೆಲುಗು ನಟ ಸಾಯಿ ಧರಮ್ ತೇಜ್ ಅವರ ಬೈಕು ರಸ್ತೆಯ ಮಣ್ಣಿಗೆ ಜಾರಿತು. ತಲೆಯ ಮೇಲೆ ಹೆಲ್ಮೆಟ್ ಇತ್ತು. ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದರೂ ಎದ್ದು ಬಂದರು, ಮತ್ತೆ ನಟಿಸಿದರು. ಎರಡೇ ಘಟನೆಗಳಿಂದ ವಿಜ್ಞಾನ ಏನನ್ನೂ ತೀರ್ಮಾನಿಸುವುದಿಲ್ಲ, ನಿಜ. ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ವಿಶಾಖಪಟ್ಟಣದ ಪೊಲೀಸರು ಅದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟದ್ದು 2024ರ ಸೆಪ್ಟೆಂಬರ್ 1ರಿಂದ.

ಕೆಳಮುಖ ಚಲನೆ ಮುಗಿಯಿತು. ಮುಂದಕ್ಕೆ ಹೋಗುವ 65 ಕಿ.ಮೀ. ವೇಗ ಇನ್ನೂ ಹಾಗೇ ಇದೆ. ಅದು ಕರಗಬೇಕಾದದ್ದು ಉಜ್ಜುವಿಕೆಯಲ್ಲಿ. ಬಟ್ಟೆಗೂ ಡಾಂಬರಿಗೂ ನಡುವಿನ ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡರೆ ಸವಾರ ಸುಮಾರು 24 ಮೀಟರ್ ಜಾರುತ್ತಾನೆ. ತಗಲುವ ಹೊತ್ತು 2.6 ಸೆಕೆಂಡು. ಜಿಂಕೆಗೆ ಬಡಿದಾಗಲೇ ಬೈಕಿನಿಂದ ಬೇರೆಯಾಗಿ 80ರಲ್ಲೇ ನೆಲ ಮುಟ್ಟಿದರೆ 36 ಮೀಟರ್, ಮೂರು ಸೆಕೆಂಡಿಗೂ ಮೇಲೆ. ಎರಡು ಸಿಟಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಷ್ಟೋ, 24 ಮೀಟರ್ ಅಷ್ಟು. ತೆಂಗಿನಕಾಯಿ ತುರಿಯುವ ಈಳಿಗೆ ಆ ಉದ್ದಕ್ಕೂ ಹಾಸಿದೆ ಎಂದು ಕಲ್ಪಿಸಿಕೊಳ್ಳಿ. ನಮ್ಮ ಮೈ ಅದರ ಮೇಲೆ.

ಕೇಂಬ್ರಿಜ್‌ನಲ್ಲಿ ರಾಡ್ ವುಡ್ಸ್ ಎಂಬ ತಜ್ಞ ಇದಕ್ಕೊಂದು ಯಂತ್ರ ಕಟ್ಟಿದ. ಸೆಕೆಂಡಿಗೆ 8 ಮೀಟರ್ ಓಡುವ ಒರಟು ಬೆಲ್ಟಿನ ಮೇಲೆ ಬಟ್ಟೆಯ ತುಂಡನ್ನು ಬೀಳಿಸಿ, ತೂತಾಗುವವರೆಗೆ ಎಷ್ಟು ಹೊತ್ತು ಎಂದು ಅಳೆಯುವುದು. ಯುರೋಪಿನ ಹಳೆಯ ಮಾನದಂಡ ಈ ಅಳತೆಯನ್ನೇ ಆಧರಿಸಿತ್ತು: ಮೊಣಕೈ, ಮಂಡಿ, ಸೊಂಟದಂಥ ಕಡೆ ಕನಿಷ್ಠ 4 ಸೆಕೆಂಡು ತಾಳಬೇಕಿತ್ತು, ಮೇಲಿನ ದರ್ಜೆಗೆ 7 ಸೆಕೆಂಡು. ಸಾಮಾನ್ಯ ಜೀನ್ಸ್ ಪ್ಯಾಂಟು ಒಂದು ಸೆಕೆಂಡೂ ತಾಳುವುದಿಲ್ಲ. ಉಳಿದ ಹೊತ್ತು ಚರ್ಮದ್ದು. ಲೆಗಿಂಗ್ಸ್, ಪಂಚೆ, ಪಾಲಿಯೆಸ್ಟರ್ ಅಂಗಿಗಳ ಬಗ್ಗೆ ಕೇಳಲೇಬೇಡಿ. ಪಾಲಿಯೆಸ್ಟರ್ ಹರಿಯುವುದಷ್ಟೇ ಅಲ್ಲ, ಉಜ್ಜಿದ ಬಿಸಿಗೆ ಕರಗಿ ಗಾಯಕ್ಕೆ ಅಂಟುತ್ತದೆ. ಅದು ಕರಗುವುದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಹಾಗಾದರೆ ಯಾವುದು ತಾಳುತ್ತದೆ? ಹದ ಮಾಡಿದ ದನದ ಚರ್ಮ, ಅದರಲ್ಲೂ ಒಂದು ಮಿಲಿಮೀಟರಿಗಿಂತ ದಪ್ಪನೆಯದು. ಚರ್ಮದಲ್ಲಿ ಎಳೆಗಳು ನೇಯ್ಗೆಯಂತೆ ಅಡ್ಡ ಉದ್ದ ಇರುವುದಿಲ್ಲ, ಎಲ್ಲ ದಿಕ್ಕಿಗೂ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿರುತ್ತವೆ. ಒಂದು ಎಳೆ ಹರಿದರೆ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. ಚರ್ಮ ಬೇಡದವರಿಗೆ ಕೆವ್ಲಾರ್‌ನಂಥ ಎಳೆಗಳಿವೆ. ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಈ ವಸ್ತು ಕರಗುವುದೇ ಇಲ್ಲ. ಸುಮಾರು 500 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತದೆ. ಇಲ್ಲೂ ಬಟ್ಟೆಗಿಂತ ಹೊಲಿಗೆ ಮುಖ್ಯ. ಜಾಕೆಟ್ ಕೊಳ್ಳುವಾಗ ಕನ್ನಡಿಯ ಮುಂದೆ ನಿಲ್ಲುವ ಮೊದಲು ಅದನ್ನು ಒಳಮುಖ ಮಾಡಿ ಹೊಲಿಗೆ ಎಷ್ಟು ಸಾಲು ಎಂದು ಎಣಿಸಿ. ಒಂದೇ ಸಾಲಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮಂಡಿ, ಮೊಣಕೈ, ಭುಜಗಳಲ್ಲಿ ತೂರಿಸುವ ಮೆತ್ತೆಗಳ ಪರೀಕ್ಷೆ ಮನೆಯಲ್ಲೇ ಊಹಿಸಿಕೊಳ್ಳುವಷ್ಟು ಸರಳ. ಐದು ಕಿಲೋದ ಕಬ್ಬಿಣವನ್ನು ಒಂದು ಮೀಟರ್ ಎತ್ತರದಿಂದ ಅದರ ಮೇಲೆ ಬಿಡುತ್ತಾರೆ. ಕೆಳಗೆ ದಾಟಿದ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಮೊದಲ ದರ್ಜೆ, 20 ಮೀರದಿದ್ದರೆ ಎರಡನೆಯದು. 35 ಎಂದರೆ ಮೂರೂವರೆ ಟನ್ ಭಾರ ಒಂದು ಕ್ಷಣ ಕೂತಂತೆ. ಆದ್ದರಿಂದ ಎರಡನೆಯ ದರ್ಜೆಯದನ್ನೇ ಕೇಳಿ. ಈಗಿನ ಒಳ್ಳೆಯ ಮೆತ್ತೆಗಳು ಕೈಯಲ್ಲಿ ಹಿಡಿದರೆ ಮೇಣದಂತೆ ಬಳುಕುತ್ತವೆ, ಸುತ್ತಿಗೆಯಿಂದ ಹೊಡೆದರೆ ಗಟ್ಟಿಯಾಗುತ್ತವೆ. ಮೆಕ್ಕೆಜೋಳದ ಪಿಷ್ಟವನ್ನು, ಅಂದರೆ ಅಂಗಡಿಯ ಕಾರ್ನ್‌ಫ್ಲೋರನ್ನು, ನೀರಲ್ಲಿ ಗಟ್ಟಿಯಾಗಿ ಕಲಸಿ ಮೆಲ್ಲಗೆ ಬೆರಳಿಟ್ಟರೆ ಮುಳುಗುತ್ತದೆ, ಗುದ್ದಿದರೆ ಬೆರಳು ನೋಯುತ್ತದೆ. ಅದೇ ಸ್ವಭಾವ.

ಇಷ್ಟೆಲ್ಲ ಹಾಕಿಕೊಂಡರೆ ನಿಜವಾಗಿ ಎಷ್ಟು ಪ್ರಯೋಜನ? ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತವಾದ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಬೈಕಿಗೆಂದೇ ಮಾಡಿದ ಜಾಕೆಟ್ ಧರಿಸಿದವರು ಆಸ್ಪತ್ರೆ ಸೇರುವ ಸಂಭವ ಶೇ 21 ಕಡಿಮೆ, ಪ್ಯಾಂಟಿನಿಂದ ಶೇ 51, ಗ್ಲೌಸಿನಿಂದ ಶೇ 59. ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯುವ ಗ್ಲೌಸಿಗೆ ಎಲ್ಲಕ್ಕಿಂತ ಹೆಚ್ಚು ಅಂಕ! ಬೀಳುವಾಗ ಮೊದಲು ನೆಲಕ್ಕೆ ಚಾಚುವುದು ಅಂಗೈ ತಾನೇ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ, ಅಂಗಡಿಯವರು ಹೇಳುವುದಿಲ್ಲ. ನೆಲಕ್ಕುಜ್ಜಿದ ಜಾಕೆಟ್, ಪ್ಯಾಂಟು, ಗ್ಲೌಸುಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಹರಿದವು, ಬಿಚ್ಚಿಕೊಂಡವು. ಮೂಳೆ ಮುರಿತ ತಪ್ಪಿಸುವುದರಲ್ಲೂ ಈ ಮೆತ್ತೆಗಳು ಅಷ್ಟೇನೂ ಸಹಾಯ ಮಾಡಿರಲಿಲ್ಲ. ಇವು ಚರ್ಮ, ಮಾಂಸ ಉಳಿಸುವ ಸಾಧನಗಳು. ಅದು ಸಣ್ಣ ವಿಷಯವಲ್ಲ. ಮಣ್ಣು, ಡಾಂಬರು, ಗಾಜಿನ ಪುಡಿ ತುಂಬಿದ ತರಚು ಗಾಯವನ್ನು ಬ್ರಶ್ಶಿನಿಂದ ಉಜ್ಜಿ ತೊಳೆಸಿಕೊಂಡವರನ್ನು ಕೇಳಿ.

"ಇದೆಲ್ಲ ಯುರೋಪಿಗೆ ಸರಿ, ನಮ್ಮ ಬಿಸಿಲಿಗೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಇಂಗ್ಲಿಷ್ ಬಲ್ಲವರು ತಮಾಷೆಗೆ 'ಬ್ಲೇಜ್‌ವಾಡ' ಎಂದು ಕರೆಯುವ ಊರು ವಿಜಯವಾಡ. ಮೇ ತಿಂಗಳಲ್ಲಿ ಅಲ್ಲಿನ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ವಿಶಾಖಪಟ್ಟಣದಲ್ಲಿ ಅಷ್ಟು ಉರಿಯಿಲ್ಲ, ಆದರೆ ಬಂಗಾಳಕೊಲ್ಲಿಯ ತೇವ ಬೆವರನ್ನು ಆರಲು ಬಿಡುವುದಿಲ್ಲ. ಈ ಎರಡು ಊರಿನ ನಡುವೆ ಚರ್ಮದ ಕೋಟು ತೊಟ್ಟು ಹೋಗಿ ಎನ್ನುವುದು ಉಪದೇಶವಲ್ಲ, ಶಿಕ್ಷೆ. ಬಳಲಿದ ಸವಾರ ಜಿಂಕೆಯನ್ನು ಇನ್ನೂ ಅರ್ಧ ಸೆಕೆಂಡು ತಡವಾಗಿ ನೋಡುತ್ತಾನೆ. ಆದರೆ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆಯೊಡ್ಡಿದರೆ ತಂಪಾಗುತ್ತದೆ ಎಂಬುದು ಒಂದು ಮಿತಿಯವರೆಗೆ ಮಾತ್ರ ನಿಜ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಾಗ ಬೀಸುವ ಗಾಳಿ ಮೈಗೆ ಶಾಖ ತುಂಬುತ್ತದೆ. ತಂಪು ಬರುವುದು ಬೆವರು ಆರುವುದರಿಂದ ಮಾತ್ರ, ಅದೂ ಕುಡಿದ ನೀರು ಇರುವವರೆಗೆ. ಮರುಭೂಮಿಯ ಜನ ಮೈತುಂಬ ಬಟ್ಟೆ ಹೊದ್ದುಕೊಳ್ಳುವುದು ಸುಮ್ಮನೆ ಅಲ್ಲ. ಜಾಲರಿ ಬಟ್ಟೆಯ ಜಾಕೆಟ್ ಇಲ್ಲಿ ನನ್ನ ಆಯ್ಕೆ. ಅದು ಚರ್ಮದಷ್ಟು ಹೊತ್ತು ಉಜ್ಜಾಟ ತಾಳುವುದಿಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಮನೆಯ ಕಪಾಟಿನಲ್ಲಿ ನೇತಾಡುವ ಏಳು ಸೆಕೆಂಡಿನ ಜಾಕೆಟ್ಟಿಗಿಂತ ಮೈಮೇಲಿರುವ ಎರಡು ಸೆಕೆಂಡಿನ ಜಾಕೆಟ್ ಮೇಲು. ಒಳಗಿನ ಬನಿಯನ್ನನ್ನು ದಾರಿಯಲ್ಲಿ ನೀರಲ್ಲಿ ಅದ್ದಿ ಹಾಕಿಕೊಂಡರೆ ಏಲೂರಿನವರೆಗೆ ಸ್ವರ್ಗ.

ಇದುವರೆಗಿನ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಜಾರುವ 24 ಮೀಟರಿನಲ್ಲಿ ಏನೂ ಅಡ್ಡ ಇರಬಾರದು. ಮೈಲಿಗಲ್ಲು, ಡಿವೈಡರ್, ಕಬ್ಬಿಣದ ತಡೆಬೇಲಿಯ ಕಂಬ, ಎದುರಿನ ಲಾರಿಯ ಚಕ್ರ: ಇವುಗಳಲ್ಲಿ ಒಂದು ಸಿಕ್ಕರೂ ಮೇಲಿನ ಭಾಗಾಕಾರ ಮತ್ತೆ ಮಾಡಬೇಕು, ಈ ಸಲ 65 ಕಿ.ಮೀ. ವೇಗಕ್ಕೆ. ಉತ್ತರ ಯಾವ ಹೆಲ್ಮೆಟ್ಟಿನ ಕೈಲೂ ಇಲ್ಲ. ಬ್ರೆಜಿಲ್‌ನ ರೇಸ್ ಚಾಲಕ ಕ್ರಿಸ್ಟಿಯಾನೊ ಡಾ ಮಟ್ಟಾ 2006ರ ಆಗಸ್ಟ್ 3ರಂದು ಅಮೆರಿಕದ ರೋಡ್ ಅಮೆರಿಕ ಟ್ರ್ಯಾಕಿನಲ್ಲಿ ಮೇಲುಹೊದಿಕೆಯಿಲ್ಲದ ರೇಸ್ ಕಾರು ಓಡಿಸುತ್ತಿದ್ದಾಗ ಜಿಂಕೆ ಅಡ್ಡ ಬಂತು. ಜಗತ್ತಿನ ಅತ್ಯುತ್ತಮ ಹೆಲ್ಮೆಟ್ ತಲೆಯ ಮೇಲಿದ್ದೂ ಮೆದುಳಿನ ಸುತ್ತ ರಕ್ತ ಕಟ್ಟಿ ತಲೆಬುರುಡೆ ತೆರೆಯಬೇಕಾಯಿತು. ಬದುಕಿದರು, 2008ರಲ್ಲಿ ಮತ್ತೆ ರೇಸಿಗೆ ಇಳಿದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2021ರ ಜನವರಿ 6ರಂದು ಸೌದಿ ಅರೇಬಿಯಾದ ಮರಳುಗಾಡಿನಲ್ಲಿ, ಡಕಾರ್ ರ್‍ಯಾಲಿಯ ನಾಲ್ಕನೆಯ ಹಂತದಲ್ಲಿ ಬಿದ್ದರು. ತಲೆಗೆ ಪೆಟ್ಟು, ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿಟ್ಟರು. ಆ ವರ್ಷ ಮೊದಲ ಬಾರಿಗೆ ಡಕಾರ್‌ನ ಬೈಕ್ ಸವಾರರೆಲ್ಲರಿಗೂ ಏರ್‌ಬ್ಯಾಗ್ ಅಂಗಿ ಕಡ್ಡಾಯವಾಗಿತ್ತು. ಎದೆ, ಕುತ್ತಿಗೆ, ಬೆನ್ನಿನ ಸುತ್ತ ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ ಉಬ್ಬಿಕೊಳ್ಳುವ ಅಂಗಿ. ಸಂತೋಷ್ ಕೂಡ ಮನೆಗೆ ಮರಳಿದರು.

ಆದ್ದರಿಂದ ಕವಚಕ್ಕಿಂತ ಮೊದಲಿನ ಮಾತು ವೇಗದ್ದು. 80ರಲ್ಲಿ ಹೋಗುವವನಿಗೆ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರ್ ಕಳೆದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೂ 42. ಒಟ್ಟು 75 ಮೀಟರ್. ಡಿಮ್ ಬೆಳಕು ಸ್ಪಷ್ಟವಾಗಿ ತೋರಿಸುವುದು 50 ಮೀಟರಿನ ಆಸುಪಾಸು. ಅಂದರೆ ಅವನು ತನಗೆ ಕಾಣದ ರಸ್ತೆಯಲ್ಲಿ ಓಡಿಸುತ್ತಿದ್ದಾನೆ. 60ಕ್ಕೆ ಇಳಿದರೆ ಒಟ್ಟು ದೂರ 49 ಮೀಟರ್. ಇಪ್ಪತ್ತು ಕಿಲೋಮೀಟರ್ ಇಳಿಸಿದ್ದಕ್ಕೆ ಇಡೀ ಡಿಕ್ಕಿಯೇ ಮಾಯವಾಗುತ್ತದೆ. ಕಂಡ ಮೇಲೆ ಪಕ್ಕಕ್ಕೆ ತಪ್ಪಿಸಲು ಹೋಗಬೇಡಿ. ಜಿಂಕೆ ಯಾವ ಕಡೆ ಹಾರುತ್ತದೆಂದು ಜಿಂಕೆಗೂ ಗೊತ್ತಿರುವುದಿಲ್ಲ. ನೇರವಾಗಿ, ಎರಡೂ ಬ್ರೇಕು, ಗಟ್ಟಿಯಾಗಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಇರಲೇಬೇಕೆಂಬ ನಿಯಮ ಬಂದದ್ದು ಇಂಥ ಗಳಿಗೆಗೇ, ಚಕ್ರ ಬಿಗಿದುಕೊಂಡು ಜಾರದಿರಲಿ ಎಂದು. ಬಂಡೀಪುರದ ಮೂಲಕ ಹೋಗುವ ರಸ್ತೆಗಳನ್ನು 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದಾಗ ಎಷ್ಟೋ ಜನ ಗೊಣಗಿದರು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಆದೇಶ ಬಂದದ್ದು ಪ್ರಾಣಿಗಳ ಹೆಸರಿನಲ್ಲಿ, ಆದರೆ ಅದರಿಂದ ಉಳಿದ ಜೀವಗಳಲ್ಲಿ ಬೈಕ್ ಸವಾರರದ್ದೂ ಇರಬೇಕು ಎಂಬುದು ನನ್ನ ಅನುಮಾನ. ಕಂಬಾಲಕೊಂಡದ ಪಕ್ಕದ ಹೆದ್ದಾರಿಯನ್ನು ಹಾಗೆ ಮುಚ್ಚಲಾಗದು, ಅದು ನಗರದ ನಡುಬೀದಿ.

ಕೊನೆಗೆ ಸಣ್ಣಪುಟ್ಟ ಮಾತುಗಳು, ಇವೇ ಹೆಚ್ಚು ಜೀವ ತೆಗೆಯುವುದರಿಂದ. ಗದ್ದದ ಕೆಳಗಿನ ಪಟ್ಟಿ ಬಿಗಿಯದ ಹೆಲ್ಮೆಟ್ ಮೊದಲ ಏಟಿಗೇ ಹಾರಿಹೋಗುತ್ತದೆ. ತಲೆ ನೆಲ ಮುಟ್ಟುವ ಹೊತ್ತಿಗೆ ಅದು ಹತ್ತು ಮೀಟರ್ ಆಚೆ ಇರುತ್ತದೆ. ಜರ್ಮನಿಯ ಡೀಟ್ಮಾರ್ ಓಟೆ ಅಪಘಾತಕ್ಕೊಳಗಾದ ಹೆಲ್ಮೆಟ್‌ಗಳನ್ನು ನೋಡಿ ಏಟುಗಳ ನಕ್ಷೆ ಬರೆದಾಗ ಮೂರನೇ ಒಂದರಷ್ಟು ಪೆಟ್ಟು ಬಿದ್ದದ್ದು ಗದ್ದದ ಸುತ್ತ. ನಮ್ಮ ಬೀದಿಯಲ್ಲಿ ಮಾರುವ ಅರ್ಧ ಹೆಲ್ಮೆಟ್ಟಿಗೆ ಆ ಜಾಗವೇ ಇಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ, ಆದರೂ ಫುಟ್‌ಪಾತಿನಲ್ಲಿ ರಾಶಿ ಹಾಗೇ ಇದೆ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿದರೆ ಕನ್ನಡಿಯ ತುದಿ ಥರ್ಮಾಕೋಲಿನಲ್ಲಿ ಗುಳಿ ಮಾಡುತ್ತದೆ. ಪೆಟ್ರೋಲ್ ಥರ್ಮಾಕೋಲನ್ನು ಕರಗಿಸುತ್ತದೆ ಎಂಬುದನ್ನು ಚಿಕ್ಕಂದಿನಲ್ಲಿ ಆಟಕ್ಕೆ ಮಾಡಿ ನೋಡಿದವರಿದ್ದೀರಿ. ಬಂಕಿನಲ್ಲಿ ಟ್ಯಾಂಕಿನ ಬಾಯಿಯ ಪಕ್ಕ ಹೆಲ್ಮೆಟ್ ಇಡುವಾಗ ಅದು ನೆನಪಿರಲಿ.

ಮತ್ತು ಬಿದ್ದು ಎದ್ದವರಿಗೆ ಒಂದು ಕೋರಿಕೆ. ಏಟು ತಿಂದ ಹೆಲ್ಮೆಟ್ ಹೊರಗೆ ಬರೀ ಗೀರು ಬಿದ್ದಂತೆ ಕಂಡರೂ ಒಳಗಿನ ಗುಳ್ಳೆಗಳು ಕುಸಿದಿರುತ್ತವೆ, ಎರಡನೆಯ ಏಟಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ. ಅದನ್ನು ತಮ್ಮನಿಗೋ ಕೆಲಸದ ಹುಡುಗನಿಗೋ ಕೊಡಬೇಡಿ. ಎಸೆಯುವ ಮುನ್ನ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಯಾರೂ ಎತ್ತಿ ತಲೆಗೆ ಹಾಕಿಕೊಳ್ಳದ ಹಾಗೆ.